ರಾಗಿಯ ಬೇರಿನ ನೆಂಟರು

ಹಾಸನದಿಂದ ಹೊರಟು ಶೆಟ್ಟಿಹಳ್ಳಿಯನ್ನು ದಾಟಿ ಹೇಮಾವತಿಯ ಹಿನ್ನೀರಿನ ದಂಡೆಗೆ ಬಂದು ನಿಂತವರ ಕಣ್ಣು ಮೊದಲು ಹೋಗುವುದು ಅಲ್ಲಿಯ ಹಾಳು ಇಗರ್ಜಿಯ ಮೇಲೆ. 1860ರ ಸುಮಾರಿನಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚು ಅದು. 1979ರಲ್ಲಿ ಗೊರೂರಿನ ಅಣೆಕಟ್ಟೆಯ ಕೆಲಸ ಮುಗಿದು ನದಿಯ ನೀರು ಹಿಂದಕ್ಕೆ ಹಬ್ಬಿದಾಗ ಸುತ್ತಣ ಜನ ಒಕ್ಕಲೆದ್ದು ಹೋದರು. ಚರ್ಚು ಮಾತ್ರ ಇದ್ದಲ್ಲಿಯೇ ಉಳಿಯಿತು. ಮಳೆಗಾಲದಲ್ಲಿ ಅದರ ಗೋಡೆಗಳು ನೀರಿನಲ್ಲಿ ನಿಲ್ಲುತ್ತವೆ, ಬೇಸಗೆಯಲ್ಲಿ ಬಿರುಕು ಬಿಟ್ಟ ಒಣ ನೆಲದ ಮೇಲೆ. ಛಾಯಾಚಿತ್ರ ತೆಗೆಯಲು ಬರುವ ಪಟ್ಟಣಿಗರಿಗೆ ಅಷ್ಟು ಸಾಕು. ದಾರಿಯ ಇಕ್ಕೆಲದ ರಾಗಿಹೊಲವನ್ನು ಯಾರೂ ನಿಂತು ನೋಡುವುದಿಲ್ಲ.

ನಾವು ಹೋದದ್ದು ಕಾರ್ತಿಕ ಮಾಸದಲ್ಲಿ. ತೆನೆ ಬಲಿತು ಬಾಗಿತ್ತು. ಹೊಲದ ಬದುವಿನ ಮೇಲೆ ಕುಳಿತಿದ್ದ ವೃದ್ಧ ರೈತರೊಬ್ಬರನ್ನು ಮಾತನಾಡಿಸಿದೆವು.

"ಇದು ಯಾವ ರಾಗಿ ಯಜಮಾನರೇ?"

"ಜಿಪಿಯು ಇಪ್ಪತ್ತೆಂಟು ಸ್ವಾಮಿ. ಬೆಂಕಿರೋಗಕ್ಕೆ ತಡೀತದೆ. ನಮ್ಮಪ್ಪನ ಕಾಲದಲ್ಲಿ ಉಂಡೆ ರಾಗಿ ಹಾಕ್ತಿದ್ದೊ. ಆ ಹೊಲ ಎಲ್ಲಾ ಅಲ್ಲದೆ ನೋಡಿ," ಎಂದು ಅವರು ನೀರಿನ ಕಡೆಗೆ ಕೈ ತೋರಿಸಿದರು. "ಬೀಜ ಗಂಟು ಕಟ್ಕೊಂಡು ಮೇಲಕ್ಕೆ ಬಂದೊ. ಹೊಸ ನೆಲದಲ್ಲಿ ಬಿತ್ತಿದೊ. ಎರಡು ಮೂರು ವರ್ಷ ಪೈರು ಏಳಲೇ ಇಲ್ಲ. ಬೀಜ ಅದೇ, ಮಳೆ ಅದೇ. ಮಣ್ಣನ್ನ ಮಾತ್ರ ಗಂಟು ಕಟ್ಟೋಕೆ ಆಗಲಿಲ್ಲ."

ಹೊಸ ನೆಲದಲ್ಲಿ ಪೈರು ಸೊರಗಲು ನೂರು ಕಾರಣಗಳಿರಬಹುದು. ಮೇಲ್ಮಣ್ಣು ತೆಳುವಾಗಿರಬಹುದು, ಗೊಬ್ಬರ ಕಾಣದ ನೆಲವಿರಬಹುದು. ಅದರ ಕಾರಣವನ್ನು ಇಂದು ಕುಳಿತು ನಿರ್ಣಯಿಸುವುದು ನಮ್ಮ ಅಳವಲ್ಲ. ಆದರೆ ಆ ಮುದುಕರು ಆಡಿದ ಮಾತಿನಲ್ಲಿ ಸಸ್ಯತಳಿ ವಿಜ್ಞಾನಿಗಳು ಬಹುಕಾಲ ಕೇಳದೆ ಬಿಟ್ಟ ಒಂದು ಪ್ರಶ್ನೆ ಅಡಗಿದೆ. ಬೀಜವನ್ನು ನಾವು ಆರಿಸುತ್ತೇವೆ. ಆ ಬೀಜ ಬೇರು ಬಿಟ್ಟಮೇಲೆ ಮಣ್ಣಿನಲ್ಲಿ ಯಾರ ಸಂಗಡ ಸಂಸಾರ ಮಾಡಬೇಕೋ ಅವರನ್ನು ಯಾರು ವಿಚಾರಿಸಿದರು?

ಬೇರಿನೊಳಗಿನ ಮರ

ಯಜಮಾನರು ನಮಗೆ ಒಂದು ರಾಗಿಯ ಬುಡವನ್ನು ಮಣ್ಣಿನ ಸಮೇತ ಕಿತ್ತುಕೊಟ್ಟರು. ಕೊಡವಿದರೆ ಕೆಮ್ಮಣ್ಣು ಉದುರಿತು. ಆದರೆ ಬೇರಿನ ಸುತ್ತ ಒಂದು ತೆಳುವಾದ ಮಣ್ಣಿನ ಲೇಪ ಬಿಡದೆ ಅಂಟಿಕೊಂಡಿತ್ತು. ಆ ಲೇಪವನ್ನು ಹಿಡಿದಿಟ್ಟಿರುವವುಗಳಲ್ಲಿ ಬೇರಿನ ಅಂಟುರಸವೂ ಬೇರಿನ ರೋಮಗಳೂ ಸೇರಿವೆ. ಅವುಗಳ ಜೊತೆಗೆ ಕಣ್ಣಿಗೆ ಕಾಣದ ಬೂಷ್ಟಿನ ಎಳೆಗಳೂ ಇವೆ. ಬೂಷ್ಟು ಎಂದೊಡನೆ ಮಳೆಗಾಲದ ಉಪ್ಪಿನಕಾಯಿ ಜಾಡಿಯನ್ನು ನೆನೆದು ಮುಖ ಸಿಂಡರಿಸಬೇಕಾಗಿಲ್ಲ. ಇದು ಬೇರೆಯ ಕುಲ. ಸ್ಕಾಟ್ಲೆಂಡಿನ ರೈನಿ ಎಂಬ ಊರಿನ ಬಳಿ ದೊರೆತ ಕಲ್ಲಿನೊಳಗಣ ಪಳೆಯುಳಿಕೆಗಳನ್ನು ಸೀಳಿ ನೋಡಿದವರು, 40 ಕೋಟಿ ವರ್ಷಗಳ ಹಿಂದಿನ ಸಸ್ಯಗಳ ಒಳಗೂ ಇದೇ ಬಗೆಯ ಬೂಷ್ಟನ್ನು ಕಂಡಿದ್ದಾರೆ. ಸಸ್ಯಗಳಿಗೆ ಸರಿಯಾದ ಬೇರು ಮೂಡುವುದಕ್ಕೆ ಮೊದಲೇ ಕೂಡಿಬಂದ ನೆಂಟಸ್ತಿಕೆ ಇದು. 1885ರಲ್ಲಿ ಜರ್ಮನಿಯ ಫ್ರಾಂಕ್ ಎಂಬ ವಿದ್ವಾಂಸನು ಕಾಡುಮರಗಳಲ್ಲಿ ಕಂಡ ಇಂಥ ಕೂಡುಬಾಳಿಗೆ 'ಮೈಕೊರೈಜ' ಎಂದು ಹೆಸರಿಟ್ಟನು. ಬೂಷ್ಟು ಮತ್ತು ಬೇರು ಎಂಬ ಎರಡು ಗ್ರೀಕ್ ಪದಗಳನ್ನು ಹೊಲಿದು ಮಾಡಿದ ಹೆಸರು.

ವ್ಯವಹಾರ ಹೀಗೆ ನಡೆಯುತ್ತದೆ. ನಮ್ಮ ಕೆಮ್ಮಣ್ಣಿನಲ್ಲಿ ರಂಜಕವು ಇಲ್ಲವೆಂದಲ್ಲ. ಇದ್ದರೂ ಕಬ್ಬಿಣ ಮತ್ತು ಅಲ್ಯುಮಿನಿಯಮಿನ ಅಂಶಗಳು ಅದನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ನೀರಿನೊಡನೆ ಹರಿದು ಬೇರಿನ ಬಾಯಿಗೆ ಬರುವ ಗುಣ ಅದಕ್ಕಿಲ್ಲ. ಬೇರು ತನ್ನ ಸುತ್ತಣ ಒಂದೆರಡು ಮಿಲಿಮೀಟರಿನಷ್ಟು ಜಾಗದ ರಂಜಕವನ್ನು ಹೀರಿ ಮುಗಿಸಿದರೆ ಮುಂದೆ ಉಪವಾಸ. ಆಗ ಈ ಬೂಷ್ಟಿನ ಎಳೆಗಳು, ಬೇರಿನ ರೋಮಕ್ಕಿಂತಲೂ ತೆಳುವಾಗಿ, ಬೇರು ನುಗ್ಗಲಾರದ ಮಣ್ಣಿನ ಸಂದುಗಳಲ್ಲಿ ನುಗ್ಗಿ, ಕೆಲವು ಸೆಂಟಿಮೀಟರಿನಷ್ಟು ದೂರದಿಂದ ರಂಜಕವನ್ನೂ ಸತುವನ್ನೂ ಹೊತ್ತು ತರುತ್ತವೆ. ಬೇರಿನ ಒಳಗಣ ಕೋಶದಲ್ಲಿ ಆ ಎಳೆ ಕವಲೊಡೆದು ಒಂದು ಪುಟ್ಟ ಮರದ ಆಕಾರ ತಾಳುತ್ತದೆ. ಅದೇ ಸಂತೆಕಟ್ಟೆ. ಅಲ್ಲಿ ಬೂಷ್ಟು ರಂಜಕವನ್ನು ಇಳಿಸುತ್ತದೆ, ಗಿಡವು ಸಕ್ಕರೆಯನ್ನೂ ಕೊಬ್ಬಿನ ಅಂಶವನ್ನೂ ಅಳೆದುಕೊಡುತ್ತದೆ. ಕೆಲವೇ ದಿನಗಳಲ್ಲಿ ಆ ಮರ ಕರಗಿಹೋಗಿ ಪಕ್ಕದ ಕೋಶದಲ್ಲಿ ಇನ್ನೊಂದು ಏಳುತ್ತದೆ.

ಈ ಸೇವೆ ಪುಕ್ಕಟೆಯಲ್ಲ. ಗಿಡವು ಬಿಸಿಲಿನಲ್ಲಿ ದುಡಿದು ಕೂಡಿಸಿದ ಇಂಗಾಲದಲ್ಲಿ ನೂರಕ್ಕೆ 4ರಿಂದ 20 ಪಾಲು ಬೂಷ್ಟಿಗೆ ಸಲ್ಲುತ್ತದೆಂದು ಅಂದಾಜು. ಆದಕಾರಣ ಗಿಡವು ಜಾಣ ಗೃಹಿಣಿಯಂತೆ ಲೆಕ್ಕವಿಡುತ್ತದೆ. ರಂಜಕ ಸಾಲದೆಂದು ಕಂಡಾಗ ಬೇರು ಒಂದು ರಸವನ್ನು ಮಣ್ಣಿಗೆ ಬಿಟ್ಟು ಬೂಷ್ಟನ್ನು ಕರೆಯುತ್ತದೆ. ಸ್ಟ್ರೈಗೊಲ್ಯಾಕ್ಟೋನ್ ಎಂಬ ಆ ರಸವೇ ಈ ಕರೆಯೆಂಬುದನ್ನು 2005ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಮಣ್ಣಿನಲ್ಲಿ ರಂಜಕ ತುಂಬಿ ತುಳುಕುತ್ತಿದ್ದರೆ ಕರೆಯುವುದನ್ನೇ ನಿಲ್ಲಿಸುತ್ತದೆ. ಹಾಸನದ ಸೀಮೆಯಲ್ಲಿ ಆಲೂಗಡ್ಡೆ ಕಿತ್ತ ಹೊಲದಲ್ಲಿ ರಾಗಿ ಹಾಕುವ ರೂಢಿಯಿದೆ. ಆಲೂಗಡ್ಡೆಗೆ ಸುರಿದ ಗೊಬ್ಬರ ಇನ್ನೂ ಉಳಿದಿರುವ ಆ ಮಣ್ಣಿನಲ್ಲಿ ರಾಗಿಗೆ ಈ ನೆಂಟರ ಹಂಗು ಅಷ್ಟಾಗಿ ಇಲ್ಲ. ಗೊಬ್ಬರದ ಚೀಲ ಕೊಳ್ಳಲಾರದವನ ಮಳೆಯಾಶ್ರಯದ ಹೊಲದಲ್ಲಿ ಮಾತ್ರ ಅವರಿಲ್ಲದೆ ಸಾಗದು. ನಮ್ಮ ದೇಶಕ್ಕೆ ಬೇಕಾದ ರಂಜಕದ ಗೊಬ್ಬರದಲ್ಲಿ ದೊಡ್ಡ ಪಾಲು ಹೊರದೇಶಗಳಿಂದಲೇ ಬರಬೇಕು ಎಂಬುದನ್ನೂ ಇಲ್ಲಿ ನೆನೆಯಬಹುದು.

ಎಲ್ಲ ಗಿಡಗಳಿಗೂ ಈ ನೆಂಟಸ್ತನವಿಲ್ಲ. ಕೋಸು, ಮೂಲಂಗಿ, ಸಾಸಿವೆಗಳ ಕುಲದವು ಬೂಷ್ಟನ್ನು ಹತ್ತಿರ ಸೇರಿಸುವುದಿಲ್ಲ. ಅಕ್ಕಡಿ ಸಾಲಿನಲ್ಲಿ ನಮ್ಮ ರೈತರು ಅವರೆ, ತೊಗರಿ, ಹುಚ್ಚೆಳ್ಳುಗಳ ಜೊತೆಗೆ ಒಂದು ಹಿಡಿ ಸಾಸಿವೆಯನ್ನೂ ಎರಚುತ್ತಾರಷ್ಟೆ. ಅವರೆ, ತೊಗರಿ, ಹುಚ್ಚೆಳ್ಳು, ರಾಗಿ ಎಲ್ಲವೂ ನೆಲದಡಿಯಲ್ಲಿ ಒಂದೇ ಪಂಕ್ತಿಯವು. ಸಾಸಿವೆಯೊಂದೇ ಮಡಿ ಹೆಂಗಸಿನಂತೆ ದೂರ ಕುಳಿತುಕೊಳ್ಳುತ್ತದೆ! ಇನ್ನು ಭಂಗಿಯ ಗಿಡವೂ ಈ ಪಂಕ್ತಿಯದೇ. ನಾರಿಗಾಗಿ ಅದನ್ನು ಬೆಳೆಯಲು ಕಾನೂನು ಬಿಟ್ಟಿರುವ ದೇಶಗಳಲ್ಲಿ, ಮಣ್ಣಿನ ಜೀವಿಗಳೊಡನೆ ಚೆನ್ನಾಗಿ ಕೂಡಿ ಬಾಳುವ ತಳಿಗಳನ್ನು ಅದರಲ್ಲಿ ಆರಿಸಬೇಕೆಂಬ ಮಾತು ಕೇಳಿಬರುತ್ತಿದೆ. ನಮ್ಮಲ್ಲಿ 1985ರ ಮಾದಕವಸ್ತು ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಅದನ್ನು ಬೆಳೆಸುವಂತಿಲ್ಲ. ನಮಗೆ ಅದರ ಗೊಡವೆಯೂ ಬೇಡ. ಮುದ್ದೆಯ ಗಿಡದ ಸಮಾಚಾರವೇ ಸಾಕಷ್ಟಿದೆ.

ಹೆಬ್ಬಾಳದಿಂದ ಮಂಡ್ಯಕ್ಕೆ

ಮೈಸೂರು ಸೀಮೆಯಲ್ಲಿ ರಾಗಿಯ ತಳಿಗಳನ್ನು ಶಾಸ್ತ್ರೀಯವಾಗಿ ಆರಿಸುವ ಕೆಲಸಕ್ಕೆ ತಳಹದಿ ಹಾಕಿದವರಲ್ಲಿ ಮೊದಲಿಗರು ಲೆಸ್ಲಿ ಕೋಲ್ಮನ್. ಕೆನಡಾ ದೇಶದವರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಅಡಕೆಯ ಕೊಳೆರೋಗಕ್ಕೆ ಮೈಲುತುತ್ತದ ದ್ರಾವಣದ ಸಿಂಪಡಣೆಯನ್ನು ಮಲೆನಾಡಿನಲ್ಲಿ ರೂಢಿಗೆ ತಂದವರು ಅವರೇ. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. 1918ರಲ್ಲಿ ಹೊರಬಂದ ಎಚ್-22 ಎಂಬ ರಾಗಿ ಅವರ ಕಾಲದ್ದು. ಇಲ್ಲೊಂದು ಸೋಜಿಗವಿದೆ. ಮೈಸೂರಿಗೆ ಬರುವ ಮುಂಚೆ ಕೋಲ್ಮನ್ನರು ಜರ್ಮನಿಯಲ್ಲಿ ಡಾಕ್ಟರ್ ಪದವಿಗಾಗಿ ಬರೆದ ಪ್ರಬಂಧ ಯಾವುದರ ಮೇಲೆ? ಮಣ್ಣಿನ ಸೂಕ್ಷ್ಮಜೀವಿಗಳು ಸಾರಜನಕವನ್ನು ನೈಟ್ರೇಟಾಗಿ ಮಾರ್ಪಡಿಸುವ ಕ್ರಿಯೆಯ ಮೇಲೆ! ಮಣ್ಣಿನ ಜೀವಿಗಳನ್ನು ಬಲ್ಲವರು ಮತ್ತು ರಾಗಿಯ ತಳಿ ಆರಿಸಲು ಏರ್ಪಾಡು ಮಾಡಿದವರು ಒಬ್ಬರೇ. ಆದರೂ ಆ ಎರಡು ವಿದ್ಯೆಗಳು ಒಂದೇ ಹೊಲದಲ್ಲಿ ಕೂಡಿ ಕೆಲಸ ಮಾಡುವ ಕಾಲ ಆಗಿನ್ನೂ ಬಂದಿರಲಿಲ್ಲ.

ಅನಂತರದ ಹೆಸರು ಸಿ. ಎಚ್. ಲಕ್ಷ್ಮಣಯ್ಯನವರದು. ರಾಗಿಯ ಹೂ ಎಷ್ಟು ಚಿಕ್ಕದೆಂದರೆ, ಭತ್ತದಲ್ಲಿ ಮಾಡುವಂತೆ ಕೇಸರಗಳನ್ನು ಒಂದೊಂದಾಗಿ ಕಿತ್ತು ಮಿಶ್ರತಳಿ ಮಾಡುವುದು ಬಲು ತ್ರಾಸದ ಕೆಲಸ. ಅದು ತನ್ನ ಪರಾಗದಿಂದಲೇ ತಾನು ಕಾಳು ಕಟ್ಟುವ ಗಿಡ. ಆದುದರಿಂದ ರಾಗಿಯಲ್ಲಿ ಕೆಲಸಮಾಡುವವರು ಹಸಿರು ಬಣ್ಣದ ಗಿಡದ ತೆನೆಯನ್ನೂ ನೇರಳೆ ಛಾಯೆಯ ಗಿಡದ ತೆನೆಯನ್ನೂ ಒಟ್ಟಿಗೆ ಕಟ್ಟಿ, ಮೇಲೆ ಕಾಗದದ ಚೀಲ ತೊಡಿಸಿ, ದೈವದ ಮೇಲೆ ಭಾರ ಹಾಕುವ ಒಂದು ಉಪಾಯವಿದೆ. ಹಸಿರು ತಾಯಿಯ ಕಾಳುಗಳನ್ನು ಮೊಳೆಯಿಸಿದಾಗ ನೇರಳೆ ಛಾಯೆಯ ಸಸಿ ಎಲ್ಲಿ ಕಂಡರೂ ಅದು ಮಿಶ್ರಸಂತಾನ. ಇಂಥ ಸಹನೆಯ ಕೆಲಸದಲ್ಲಿ ಆಯುಸ್ಸನ್ನು ಸವೆಸಿದ ಲಕ್ಷ್ಮಣಯ್ಯನವರು ಮಂಡ್ಯದ ವಿಶ್ವೇಶ್ವರಯ್ಯ ಕಾಲುವೆ ಫಾರಂನಲ್ಲಿ ಅರುಣಾ, ಉದಯ, ಪೂರ್ಣಾ, ಅನ್ನಪೂರ್ಣಾ, ಕಾವೇರಿ, ಶಕ್ತಿ ಮೊದಲಾದ ತಳಿಗಳನ್ನು ಕೊಟ್ಟರು. ಆಮೇಲೆ ಆಫ್ರಿಕದ ರಾಗಿಯನ್ನು ತರಿಸಿ ನಮ್ಮ ರಾಗಿಯೊಡನೆ ಕೂಡಿಸಿದರು. ಇಂಡಿಯಾ ಮತ್ತು ಆಫ್ರಿಕ ಸೇರಿ 'ಇಂಡಾಫ್' ಆಯಿತು. 1970ರ ದಶಕದಿಂದ ಮುಂದೆ ಕರ್ನಾಟಕದ ಹೊಲಗಳ ತುಂಬ ಹಬ್ಬಿದ್ದು ಈ ಇಂಡಾಫ್ ಕುಲವೇ. ಶೆಟ್ಟಿಹಳ್ಳಿಯ ಯಜಮಾನರ ಜಿಪಿಯು-28 ಕೂಡ ತನ್ನ ವಂಶಾವಳಿಯಲ್ಲಿ ಇಂಡಾಫಿನ ರಕ್ತವನ್ನು ಪಡೆದದ್ದು. ಲಕ್ಷ್ಮಣಯ್ಯನವರ ಋಣ ನಮ್ಮೆಲ್ಲರ ಅನ್ನದ ತಟ್ಟೆಯ ಮೇಲಿದೆ. ಈ ಲೇಖನದ ಉಳಿದ ಮಾತುಗಳನ್ನು ಆ ಋಣವನ್ನು ಮರೆತು ಓದಬಾರದು.

ಆದರೂ ಕೇಳಬೇಕಾದದ್ದನ್ನು ಕೇಳಲೇಬೇಕು. ಜಗತ್ತಿನ ಎಲ್ಲ ಕಡೆಗಳಲ್ಲಿಯೂ ತಳಿಗಳನ್ನು ಆರಿಸುವ ಫಾರಂಗಳಲ್ಲಿ ನೆಲ ಹದವಾಗಿರುತ್ತದೆ, ಗೊಬ್ಬರ ಸಕಾಲಕ್ಕೆ ಬೀಳುತ್ತದೆ. ಅಲ್ಲಿ ತೆನೆಯನ್ನು ತೂಗುತ್ತಾರೆ, ಕಡ್ಡಿಯ ಎತ್ತರವನ್ನು ಅಳೆಯುತ್ತಾರೆ, ರೋಗವನ್ನು ಎಣಿಸುತ್ತಾರೆ. ಬೇರನ್ನು ಕಿತ್ತು ನೋಡುವವರು ವಿರಳ. ಸಮೃದ್ಧಿಯ ಮಣ್ಣಿನಲ್ಲಿ ಬೂಷ್ಟಿನ ನಂಟು ಕೂಡಿಸಬಲ್ಲ ಗಿಡಕ್ಕೂ ಕೂಡಿಸಲಾರದ ಗಿಡಕ್ಕೂ ಭೇದ ತಿಳಿಯುವುದಿಲ್ಲ. ಸಂಬಂಧ ನೋಡಲು ಹೋದವರು ಹಬ್ಬದ ದಿನವೇ ಹೋಗಿ ಹುಡುಗಿಯನ್ನು ನೋಡಿ ಬಂದಂತೆ. ಬಡತನದಲ್ಲಿ ಆಕೆ ಹೇಗೆ ಮನೆ ತೂಗಿಸಿಯಾಳು ಎಂಬುದು ಆ ದಿನ ಗೊತ್ತಾಗುವಂತಿಲ್ಲ.

ಹೀಗೆ ತಲೆಮಾರುಗಳ ಕಾಲ ಆರಿಸುತ್ತ ಬಂದರೆ ಏನಾದೀತು? ಅಮೆರಿಕದ ಕ್ಯಾನ್ಸಾಸ್ ರಾಜ್ಯದಲ್ಲಿ ಹೆಟ್ರಿಕ್ ಎಂಬ ವಿಜ್ಞಾನಿಯೂ ಸಂಗಡಿಗರೂ 1990ರ ದಶಕದ ಮೊದಲಲ್ಲಿ ಗೋಧಿಯನ್ನು ಹೀಗೆ ಪರೀಕ್ಷಿಸಿದರು. ಬೂಷ್ಟನ್ನು ಸೇರಿಸಿದ ಮಣ್ಣಿನಲ್ಲಿ ಹಳೆಯ ಗೋಧಿಗಳು ಹೆಚ್ಚು ಚೇತರಿಸಿಕೊಂಡವು. 1950ರ ಈಚೆಗೆ ಬಂದ ತಳಿಗಳಲ್ಲಿ ಆ ಚೇತರಿಕೆ ಕಡಮೆ. 2007ರಲ್ಲಿ ಸೋಯಾ ಅವರೆಯ ಮೇಲೆ ನಡೆದ ಇನ್ನೊಂದು ಪರೀಕ್ಷೆ ಇನ್ನೂ ಸ್ವಾರಸ್ಯವಾದದ್ದು. ದ್ವಿದಳ ಗಿಡಗಳ ಬೇರಿನಲ್ಲಿ ಗಂಟು ಕಟ್ಟಿ ಸಾರಜನಕವನ್ನು ಒದಗಿಸುವ ಬ್ಯಾಕ್ಟೀರಿಯಾ ಉಂಟಷ್ಟೆ. ಅವುಗಳಲ್ಲಿಯೂ ದುಡಿಯುವವು, ಕುಳಿತು ಉಣ್ಣುವವು ಎಂದು ಎರಡು ಪಂಗಡ. ಎರಡನ್ನೂ ಬೆರಸಿದ ಮಣ್ಣಿನಲ್ಲಿ ಹಳೆಯ ಸೋಯಾ ತಳಿಗಳು ಸೋಮಾರಿಗಳ ನಡುವೆಯೂ ತಮ್ಮ ಬೆಳವಣಿಗೆಯನ್ನು ಉಳಿಸಿಕೊಂಡವು; ಹೊಸ ತಳಿಗಳು ಅಷ್ಟು ಮಟ್ಟಿಗೆ ಉಳಿಸಿಕೊಳ್ಳಲಾರದೆ ಹೋದವು.

ಇಷ್ಟು ಕೇಳಿದೊಡನೆ 'ಹಳೆಯದೆಲ್ಲ ಚಿನ್ನ' ಎಂದು ಚಪ್ಪಾಳೆ ತಟ್ಟುವವರು ನಮ್ಮಲ್ಲಿ ಬಹಳ ಮಂದಿ. ಸ್ವಲ್ಪ ತಾಳಬೇಕು. 1981ರಿಂದ 2010ರವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಹೊಸ ತಳಿಗಳ ಬೇರಿನಲ್ಲಿ ಬೂಷ್ಟಿನ ವ್ಯಾಪ್ತಿ ಕಡಮೆಯಿದ್ದರೂ ಅದರಿಂದ ಅವು ಪಡೆದ ಲಾಭ ಹಳೆಯವಕ್ಕಿಂತ ಹೆಚ್ಚಾಗಿಯೇ ಕಂಡಿತು. ಅಲ್ಲದೆ ಈ ಲೆಕ್ಕದಲ್ಲೊಂದು ಬಲೆಯಿದೆ. ಬೂಷ್ಟು ಇದ್ದಾಗಿನ ಬೆಳೆಯಿಂದ ಇಲ್ಲದಾಗಿನ ಬೆಳೆಯನ್ನು ಕಳೆದು 'ಲಾಭ' ಎನ್ನುತ್ತಾರೆ. ಒಂದು ಗಿಡ ತನ್ನಷ್ಟಕ್ಕೆ ತಾನು ಕೇವಲ ದುರ್ಬಲವಾಗಿದ್ದರೂ ಈ ಲೆಕ್ಕದಲ್ಲಿ ಅದಕ್ಕೆ ದೊಡ್ಡ ಅಂಕ ದೊರೆಯುತ್ತದೆ! ಊರುಗೋಲಿಲ್ಲದೆ ನಡೆಯಲಾರದವನೇ ಊರುಗೋಲಿನಿಂದ ಹೆಚ್ಚು ಲಾಭ ಪಡೆದವನು ಎಂದಂತಾಯಿತು. ರೈತನಿಗೆ ಬೇಕಾದದ್ದು ಪರಾಧೀನವಾದ ಗಿಡವಲ್ಲ. ತನ್ನ ಬೇರಿನಲ್ಲಿಯೂ ಶಕ್ತಿಯಿದ್ದು, ನೆಂಟರು ಬಂದರೆ ಅವರಿಂದ ಇನ್ನಷ್ಟು ಗಳಿಸಬಲ್ಲ ಗಿಡ. ಈ ಎರಡನ್ನು ಬೇರ್ಪಡಿಸಿ ನೋಡುವುದೇ ಕಷ್ಟದ ಕೆಲಸ.

ಹಠ ಹಿಡಿದ ಹೆಂಗಸು

ಹಾಗಾದರೆ ಮಣ್ಣಿನ ಜೀವಿಗಳನ್ನು ಮನಸ್ಸಿನಲ್ಲಿಟ್ಟು ಬೀಜ ಆರಿಸಿದವರೇ ಇಲ್ಲವೆ? ಇದ್ದಾರೆ. ಅವರಲ್ಲಿ ದೊಡ್ಡ ಹೆಸರು ಯೊಹಾನ್ನಾ ಡೋಬರೈನರ್. 1924ರಲ್ಲಿ ಚೆಕೊಸ್ಲೊವಾಕಿಯದಲ್ಲಿ ಹುಟ್ಟಿ, ಯುದ್ಧದ ಅವಾಂತರದಲ್ಲಿ ಮನೆಮಾರು ಕಳೆದುಕೊಂಡು, ಬ್ರೆಜಿಲಿಗೆ ಬಂದು ನೆಲಸಿದಾಕೆ. 1960ರ ದಶಕದಲ್ಲಿ ಬ್ರೆಜಿಲ್ ಸೋಯಾ ಬೆಳೆಯಲು ಹೊರಟಾಗ, ಅಮೆರಿಕದ ಮಾದರಿಯಂತೆ ಸಾರಜನಕದ ಗೊಬ್ಬರವನ್ನು ಹಾಕಿ ತಳಿಗಳನ್ನು ಆರಿಸಬೇಕೆಂಬ ವಾದ ಬಲವಾಗಿತ್ತು. ಈಕೆ ಕೂಡದೆಂದರು. ಸಾರಜನಕದ ಗೊಬ್ಬರವಿಲ್ಲದ ನೆಲದಲ್ಲಿಯೇ ತಳಿಗಳನ್ನು ಬೆಳೆದು, ಬೇರುಗಂಟಿನ ಬ್ಯಾಕ್ಟೀರಿಯಾದೊಡನೆ ಯಾವುದು ಚೆನ್ನಾಗಿ ಹೊಂದುವುದೋ ಅದನ್ನೇ ಆರಿಸಬೇಕೆಂದು ಹಠ ಹಿಡಿದರು. ಆ ಹಠ ಗೆದ್ದಿತು. ಇಂದು ಪ್ರಪಂಚದಲ್ಲೇ ಅತ್ಯಧಿಕವಾಗಿ ಸೋಯಾ ಬೆಳೆಯುವ ಬ್ರೆಜಿಲ್ ಆ ಬೆಳೆಗೆ ಸಾರಜನಕದ ಗೊಬ್ಬರವನ್ನು ಹಾಕುವುದೇ ಇಲ್ಲವೆನ್ನಬೇಕು. ಇದರಿಂದ ವರ್ಷವರ್ಷವೂ ಆ ದೇಶಕ್ಕೆ ಉಳಿಯುವ ಹಣ ಅಪಾರ. ನೈಜೀರಿಯದ ಇಬದಾನಿನಲ್ಲಿರುವ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿಯೂ 1970ರ ದಶಕದಿಂದ ಇಂಥದೇ ಕೆಲಸ ನಡೆಯಿತು. ಬ್ಯಾಕ್ಟೀರಿಯಾದ ಪೊಟ್ಟಣ ಕೊಳ್ಳಲಾರದ ಆಫ್ರಿಕದ ರೈತನಿಗಾಗಿ, ಅಲ್ಲಿಯ ಮಣ್ಣಿನಲ್ಲಿ ಮೊದಲೇ ಇರುವ ಜೀವಿಗಳೊಡನೆಯೇ ಗಂಟು ಕಟ್ಟುವ ಸೋಯಾ ತಳಿಗಳನ್ನು ಅವರು ಸೃಷ್ಟಿಸಿದರು.

ಬೇರುಗಂಟು ಕಣ್ಣಿಗೆ ಕಾಣುತ್ತದೆ, ಕಿತ್ತು ಎಣಿಸಬಹುದು. ಬೂಷ್ಟಿನ ವಿಚಾರ ಹಾಗಲ್ಲ. ಅದಕ್ಕೇ ಈ ದಾರಿಯಲ್ಲಿ ನಡೆದವರು ಕಡಮೆ. ನಡೆದವರಲ್ಲಿ ನಮ್ಮವರೂ ಇದ್ದಾರೆಂಬುದು ಸಂತೋಷದ ಸಂಗತಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಿ. ಜೆ. ಭಾಗ್ಯರಾಜ್ ಅವರು 1970ರ ದಶಕದಿಂದ ಈ ಬೂಷ್ಟುಗಳ ಅಧ್ಯಯನಕ್ಕೆ ಒಂದು ಪರಂಪರೆಯನ್ನೇ ಕಟ್ಟಿದರು. 1979ರಲ್ಲಿಯೇ ಅವರೂ ಸಂಗಡಿಗರೂ, ಬೇರುಗಂಟಿನ ಬ್ಯಾಕ್ಟೀರಿಯಾವನ್ನೂ ಮೈಕೊರೈಜ ಬೂಷ್ಟನ್ನೂ ಒಟ್ಟಿಗೆ ಕೊಟ್ಟರೆ ಹೊಲದ ಸೋಯಾ ಏನಾಗುವುದೆಂದು ಪರೀಕ್ಷಿಸಿ ಬರೆದರು. 1981ರಲ್ಲಿ ಕೆ. ಆರ್. ಕೃಷ್ಣ ಮೊದಲಾದವರೊಡನೆ, ಬೂಷ್ಟು ಸೇರಿದ ರಾಗಿಯ ಎಲೆಯಲ್ಲಿ ಆಗುವ ಮಾರ್ಪಾಟುಗಳನ್ನು ವರದಿಮಾಡಿದರು. ಬೇರಿನಲ್ಲಿ ನೆಂಟರು ಬಂದಿಳಿದರೆ ಅದರ ಗುರುತು ಎಲೆಯ ಮೇಲೂ ಕಾಣುತ್ತದೆಂದಾಯಿತು.

ಭಾಗ್ಯರಾಜರ ಶಾಲೆಯ ಸಾಮಾನ್ಯ ಕ್ರಮ, ಒಂದು ಗಿಡವನ್ನು ಹಿಡಿದು ಅದಕ್ಕೆ ತಕ್ಕ ಬೂಷ್ಟನ್ನು ಹುಡುಕುವುದು. ವರನ ಕಡೆಯಿಂದ ನೋಡುವ ಕ್ರಮವಿದು. ಕೃಷ್ಣ ಅವರು ಹೈದರಾಬಾದಿನ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ಕೆಲಸಮಾಡಿದಾಗ ಈ ಪ್ರಶ್ನೆಯನ್ನು ತಿರುವು ಹಾಕಿದರು. ಸಜ್ಜೆಯ 30 ತಳಿಗಳನ್ನು ಹೊಲದಲ್ಲಿ ಬೆಳೆದು, ಒಂದೊಂದರ ಬೇರಿನಲ್ಲಿ ಎಷ್ಟು ಪಾಲು ಬೂಷ್ಟು ವ್ಯಾಪಿಸಿದೆಯೆಂದು ಅಳೆದರು. 1985ರಲ್ಲಿ ಪ್ರಕಟವಾದ ಆ ವರದಿಯಲ್ಲಿ, ಕೆಲವು ತಳಿಗಳ ಬೇರಿನಲ್ಲಿ ನೂರಕ್ಕೆ ಸುಮಾರು 25 ಪಾಲು ಮಾತ್ರ, ಕೆಲವದರಲ್ಲಿ ಅದರ ಇಮ್ಮಡಿಗೂ ಮಿಗಿಲು. ನೆಂಟರನ್ನು ಬರಮಾಡಿಕೊಳ್ಳುವ ಗುಣ ಎಲ್ಲ ತಳಿಗಳಲ್ಲಿಯೂ ಒಂದೇ ಅಲ್ಲ. ಅದು ಮನೆತನದ ಗುಣ. ಮನೆತನದ ಗುಣವಾದರೆ ಅದನ್ನು ಆರಿಸಿ ಮುಂದಿನ ಪೀಳಿಗೆಗೆ ಇಳಿಸಲೂ ಸಾಧ್ಯ. ಆಗ ಹೊಳೆದ ಈ ದಾರಿಯಲ್ಲಿ ಹೊಸ ತಳಿಯೊಂದನ್ನು ರೈತನ ಕೈಗೆ ತಲಪಿಸುವವರೆಗೆ ಯಾರಾದರೂ ಪಟ್ಟುಹಿಡಿದು ನಡೆದಿದ್ದರೆ ಎಂದು ಈ ಲೇಖಕನಿಗೆ ಅನ್ನಿಸುತ್ತದೆ. ಗೊಬ್ಬರ ಅಗ್ಗವಾಗಿದ್ದ ಕಾಲದಲ್ಲಿ ಅದಕ್ಕೆ ಅವಸರವೆಲ್ಲಿತ್ತು?

ಈಗ ಮತ್ತೆ ಗಮನ ಆ ಕಡೆ ತಿರುಗಿದೆ. 2016ರಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾನಿಲಯದವರು ರಾಗಿಯ ಬೇರಿನೊಳಗೆ ವಾಸವಾಗಿರುವ ಒಂದು ಬ್ಯಾಕ್ಟೀರಿಯಾವನ್ನು ಕಂಡರು. ಫ್ಯುಸೇರಿಯಮ್ ಎಂಬ ರೋಗದ ಬೂಷ್ಟು ಬೇರಿನ ಹತ್ತಿರ ಸುಳಿದರೆ ಈ ಬ್ಯಾಕ್ಟೀರಿಯಾ ಹೊರಗೆ ಬರುತ್ತದೆ. ಬೇರಿನ ರೋಮಗಳು ಬಾಗಿ ಒತ್ತಾಗಿ ಬೆಳೆಯುತ್ತವೆ. ರೋಮಗಳೂ ಬ್ಯಾಕ್ಟೀರಿಯಾವೂ ಪದರಪದರವಾಗಿ ಸೇರಿ ಕೋಟೆ ಕಟ್ಟಿ ಶತ್ರುವನ್ನು ಅಲ್ಲಿಯೇ ಹಿಡಿದು ಕೊಲ್ಲುತ್ತವೆ. ನಮ್ಮ ಮುದ್ದೆಯ ಗಿಡದಲ್ಲಿ ಇಂಥ ದುರ್ಗವಿದೆಯೆಂಬುದನ್ನು ನಾವು ಕೋಲ್ಮನ್ನರ ತವರುದೇಶದಿಂದ ಕೇಳಿ ತಿಳಿಯಬೇಕಾಯಿತು! 2017ರಲ್ಲಿ ಬೆಂಗಳೂರಿನ ಶೈಲಜಾ ಹಿತ್ತಲಮನಿಯವರೂ ಅವರ ತಂಡದವರೂ ಎಂಎಲ್-365 ಎಂಬ ರಾಗಿಯ ವಂಶವಾಹಿಗಳ ಪೂರ್ಣ ನಕ್ಷೆಯನ್ನು ಪ್ರಕಟಿಸಿದರು. ನೆಂಟರನ್ನು ಕರೆಯುವ ಗುಣ ಆ ನಕ್ಷೆಯ ಯಾವ ಮೂಲೆಯಲ್ಲಿದೆಯೆಂದು ಹುಡುಕಲು ಇನ್ನು ಸಾಧನವುಂಟು.

ಅಕ್ಕಡಿಯ ಸಾಲಿನಡಿಯಲ್ಲಿ

ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾನಿಲಯದವರು ಭಾಗ್ಯರಾಜ್ ಮೊದಲಾದ ಬೆಂಗಳೂರಿನ ವಿಜ್ಞಾನಿಗಳೊಡನೆ ಸೇರಿ ನಡೆಸಿರುವ ಕೆಲಸ ನಮ್ಮ ಅಕ್ಕಡಿ ರೂಢಿಗೆ ತೀರ ಹತ್ತಿರವಾದದ್ದು. ತೊಗರಿಯ ಬೇರು ಆಳಕ್ಕೆ ಇಳಿಯುತ್ತದೆ, ರಾಗಿಯ ಬೇರು ಮೇಲುಮೇಲಕ್ಕೇ ಹರಡುತ್ತದೆ. ಎರಡನ್ನೂ ಜೊತೆಯಾಗಿ ಬೆಳೆಸಿ, ತೊಗರಿಯ ಬೇರಿಗೆ ಮಾತ್ರ ಎಟಕುವ ಆಳದಲ್ಲಿ ಗುರುತು ಹಾಕಿದ ನೀರನ್ನು ಇಟ್ಟು ನೋಡಿದರು. ಬರದ ಪರಿಸ್ಥಿತಿಯಲ್ಲಿ, ಬೂಷ್ಟಿನ ಎಳೆಗಳ ಬಲೆ ಎರಡು ಗಿಡಗಳನ್ನೂ ಕೂಡಿಸಿದ್ದ ಕಡೆ, ಆ ನೀರಿನ ಒಂದಂಶ ರಾಗಿಗೆ ತಲಪಿತು. 2019ರಲ್ಲಿ ಪ್ರಕಟವಾದ ಈ ಪ್ರಯೋಗ ಹೊಲದ್ದಲ್ಲ, ಕುಂಡದ್ದು. ಮುಂದಿನ ವರ್ಷ ಬೆಂಗಳೂರಿನಲ್ಲಿಯೂ ತಮಿಳುನಾಡಿನ ಕೊಲ್ಲಿಬೆಟ್ಟಗಳಲ್ಲಿಯೂ ಹೊಲದಲ್ಲೇ ನಡೆಸಿದ ಪ್ರಯೋಗಗಳ ವರದಿ ಬಂದಿತು. ತೊಗರಿಯ ಸಸಿಯನ್ನು ನಾಟಿಮಾಡಿ ರಾಗಿಯೊಡನೆ ಬೆಳೆದು, ಬೂಷ್ಟನ್ನೂ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಟ್ಟಾಗ, ಗೊಬ್ಬರವನ್ನು ಇಳಿಸಿಯೂ ಇಳುವರಿಯನ್ನು ಏರಿಸಲು ಸಾಧ್ಯವಾಯಿತೆಂದು ಅವರು ಬರೆದರು. ತೊಗರಿಗೂ ರಾಗಿಗೂ ನೀರಿಗಾಗಿ ಪೈಪೋಟಿಯೂ ಇರುವುದರಿಂದ ಸಾಲುಗಳನ್ನು ಹೇಗಿಡಬೇಕೆಂಬುದು ಮುಖ್ಯ. ಇದನ್ನು ನಮ್ಮ ಕೂರಿಗೆಯ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ.

ತಳಿಯ ಆಯ್ಕೆಯಲ್ಲಿ ಅಪಾಯವೂ ಉಂಟು. ಬೇರು ಬೂಷ್ಟನ್ನು ಕರೆಯುವ ಅದೇ ರಸದ ವಾಸನೆ ಹಿಡಿದು ಸ್ಟ್ರೈಗ ಎಂಬ ಕಳೆಯ ಬೀಜವೂ ಮೊಳೆಯುತ್ತದೆ. ಜೋಳ, ಸಜ್ಜೆ, ರಾಗಿಗಳ ಬೇರಿಗೆ ಬಾಯಿ ಹಾಕಿ ರಸ ಹೀರುವ ಪರೋಪಜೀವಿ ಅದು. ಆ ರಸಕ್ಕೆ ಸ್ಟ್ರೈಗೊಲ್ಯಾಕ್ಟೋನ್ ಎಂಬ ಹೆಸರು ಬಂದದ್ದೇ ಈ ಕಳೆಯಿಂದ. ಅದು ಬೂಷ್ಟನ್ನು ಕರೆಯುವ ಸಂಗತಿ ಆಮೇಲೆ ತಿಳಿದದ್ದು. ನೆಂಟರನ್ನು ಗಟ್ಟಿಯಾಗಿ ಕೂಗಿ ಕರೆಯುವ ತಳಿಯನ್ನೇ ಆರಿಸಿದರೆ ಕಳ್ಳರಿಗೂ ಕೇಳಿಸೀತು. ಈ ರಸದಲ್ಲಿಯೂ ಹಲವು ಬಗೆಗಳಿದ್ದು, ಕಳೆಯನ್ನು ಅಷ್ಟಾಗಿ ಎಬ್ಬಿಸದ ಬಗೆಯನ್ನು ಬಿಡುವ ಜೋಳಗಳು ಸಿಕ್ಕಿರುವುದು ಒಂದು ಸಮಾಧಾನ.

ಸದ್ಯಕ್ಕೆ ರೈತನಿಗೆ ದೊರೆಯುವುದು, ಬಿತ್ತುವ ಮುನ್ನ ರಾಗಿಯ ಬೀಜಕ್ಕೆ ಲೇಪಿಸಲು ಶಿಫಾರಸು ಮಾಡುವ ಅಜೋಸ್ಪಿರಿಲಮ್ ಬ್ಯಾಕ್ಟೀರಿಯಾದ ಪುಡಿ ಮೊದಲಾದವು. ಬೀಜವೇ ನೆಂಟರನ್ನು ಹುಡುಕಿಕೊಳ್ಳುವಂತೆ ಆಗಬೇಕಾದರೆ, ಫಾರಂನ ಹದವಾದ ಮಡಿಯ ಪಕ್ಕದಲ್ಲಿ ಗೊಬ್ಬರವಿಲ್ಲದ, ತೊಗರಿ ಅವರೆಗಳ ಅಕ್ಕಡಿಯಿರುವ ಒಂದು ಬಡ ಮಡಿಯನ್ನೂ ಇಟ್ಟು ತಳಿಗಳನ್ನು ಎರಡರಲ್ಲಿಯೂ ತೂಗಬೇಕು. ಎರಡು ಕಡೆಯೂ ಗೆದ್ದದ್ದನ್ನು ಮುಂದಕ್ಕೆ ಒಯ್ಯಬೇಕು. ದುಬಾರಿಯ ಯಂತ್ರ ಬೇಕಾಗಿಲ್ಲ. ಹೆಚ್ಚು ಕಾಲ ಬೇಕು. ಹಳೆಯ ಉಂಡೆ ರಾಗಿ, ಗಿಡ್ಡ ರಾಗಿಗಳು ಆ ವೇಳೆಗೆ ಎಲ್ಲಿಯಾದರೂ ಉಳಿದಿರಲೂ ಬೇಕು.

ಯಜಮಾನರು ಕೊಟ್ಟ ಬುಡವನ್ನು ನಾವು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಸ್ನೇಹಿತರೊಬ್ಬರ ಕೈಯಲ್ಲಿಟ್ಟೆವು. ಬೂಷ್ಟನ್ನು ನೋಡಲು ಮಹಾ ಪ್ರಯೋಗಾಲಯ ಬೇಕೆಂದು ನಾವು ತಿಳಿದಿದ್ದೆವು. ಅವರು ನಕ್ಕು, ಸಣ್ಣ ಬೇರುಗಳನ್ನು ತೊಳೆದು, ಪೊಟ್ಯಾಷಿನ ಕ್ಷಾರದಲ್ಲಿ ಕುದಿಸಿ ಬೆಳ್ಳಗೆ ಮಾಡಿ, ವಿನೆಗರಿನಲ್ಲಿ ಪೆನ್ನಿನ ಶಾಯಿಯನ್ನು ಬೆರಸಿ ಅದರಲ್ಲಿ ಮೂರು ನಿಮಿಷ ಬೇಯಿಸಿದರು. 1998ರಲ್ಲಿ ಪ್ರಕಟವಾದ ಸುಲಭೋಪಾಯವಂತೆ. ಆಮೇಲೆ ಸೂಕ್ಷ್ಮದರ್ಶಕದ ಕೆಳಗಿಟ್ಟು ನಮ್ಮನ್ನು ಕರೆದರು. ಬಣ್ಣವಿಲ್ಲದ ಕೋಶಗಳ ಸಾಲಿನಲ್ಲಿ, ಇಲ್ಲೊಂದು ಅಲ್ಲೊಂದು, ನೀಲಿ ಶಾಯಿ ಕುಡಿದ ಪುಟ್ಟ ಪುಟ್ಟ ಮರಗಳು.

ಅದರ ಚಿತ್ರವನ್ನು ಶೆಟ್ಟಿಹಳ್ಳಿಗೆ ಕಳುಹಿಸಿದೆವು. ಯಜಮಾನರ ಮೊಮ್ಮಗ ಫೋನಿನಲ್ಲಿ ಅವರಿಗೆ ಕೊಟ್ಟ.

"ನೋಡಿದೆ ಸ್ವಾಮಿ, ಚೆನ್ನಾಗದೆ. ಇದು ಜಿಪಿಯುದಲ್ವಾ? ಅರಕಲಗೂಡಿನ ಕಡೆ ನಮ್ಮ ಭಾವಮೈದ ಎರಡು ಸಾಲು ಉಂಡೆ ರಾಗಿ ಇನ್ನೂ ಹಾಕ್ತಾನೆ. ಅದರ ಬೇರೂ ತರಿಸಿ ಕೊಡ್ಲಾ?"